ಬೆಂಚಿನವರೆಗೆ ಬಾಯಿ ಬಿಡಬಾರದು

ಕಾಡುತೋಟದ ನಡುವಿನ ದಾರಿಯಲ್ಲಿ ಮೊದಲ ಕೆಂಪು ಬಾವುಟ ಕಂಡಾಗ ಯಾರೋ ಮಕ್ಕಳು ಆಡಿ ಬಿಟ್ಟುಹೋಗಿದ್ದಾರೆ ಅಂದುಕೊಂಡೆ. ಎರಡನೆಯದು ಕಂಡಾಗ ನಿಂತೆ. ಮೂರನೆಯದರ ಬುಡಕ್ಕೆ ಬಗ್ಗಿ ನೋಡಿದಾಗ ವಿಷಯ ಗೊತ್ತಾಗಿ ಪಿತ್ತ ನೆತ್ತಿಗೇರಿತು. ಒಣ ಎಲೆಗಳನ್ನು ಯಾರೋ ಕೈಯಾರೆ ಬದಿಗೆ ಸರಿಸಿದ ಜಾಗದಲ್ಲಿ, ಬಾವುಟದ ಪಕ್ಕ, ಒಂದು ಗುಂಡಿಹೂವು ನಿಂತಿತ್ತು. ತಪ್ಪು ಮಾಡಿದ ಹುಡುಗನನ್ನು ತರಗತಿಯ ಮುಂದೆ ನಿಲ್ಲಿಸುವ ಹಾಗೆ ಅದನ್ನು ನಿಲ್ಲಿಸಿದ್ದರು. ಸುತ್ತಲಿನ ಮಣ್ಣು ಬೂಟಿನ ಗುರುತುಗಳಿಂದ ಕೆಸರಾಗಿತ್ತು. ಫೋಟೋ ತೆಗೆಯಲು ಮಂಡಿಯೂರಿದವರ ಗುರುತೂ ಇತ್ತು.

ಗುಂಡಿಹೂವು ಅನ್ನುವುದು ನಮ್ಮ ಮನೆಯವರು ಇಟ್ಟುಕೊಂಡ ಹೆಸರು. ತೋಟದ ಹಲಗೆಯ ಮೇಲೆ ಅದಕ್ಕೆ ನಾಲಿಗೆ ಹೊರಳದ ಉದ್ದನೆಯ ಹೆಸರೊಂದಿದೆ. ನನ್ನ ಅತ್ತಿಗೆ ದರ್ಜಿ. ಅಂಗಿಯ ಗುಂಡಿಯಷ್ಟೇ ಅಗಲದ ಆ ತಿಳಿನೀಲಿ ಹೂವನ್ನು ಮೊದಲ ಸಲ ಕಂಡಾಗ "ಯಾರದೋ ಗುಂಡಿ ಕಿತ್ತು ಬಿದ್ದಿದೆ ನೋಡಿ" ಅಂದಿದ್ದರು. ಅಲ್ಲಿಂದ ಅದೇ ಹೆಸರು ನಿಂತಿತು. ಚಳಿ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ಮರಗಳ ತಲೆ ಬೋಳಾಗಿರುತ್ತದೆ, ಅಂಥ ಹೊತ್ತಿನಲ್ಲಿ ಇದು ಹೋದ ವರ್ಷದ ಎಲೆಗಳ ಅಡಿಯಿಂದ ತಲೆ ಹೊರಗೆ ಹಾಕುತ್ತದೆ. ಮರಗಳು ಚಿಗುರಿ ನೆರಳು ಬೀಳುವಷ್ಟರಲ್ಲಿ ಮಾಯ. ಹುಡುಕುವವರಿಗೆ ಸಿಗುವುದು ಕೆಲವೇ ದಿನ.

ಹುಡುಕುವುದಕ್ಕೂ ನಮ್ಮಲ್ಲೊಂದು ನಿಯಮ ಇದೆ. ಅದು ಬಂದದ್ದು ನನ್ನ ದೆಸೆಯಿಂದಲೇ. ನಾನು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ಎದುರಿಗೆ ಕಂಡದ್ದನ್ನು ಕೂಗಿ ಹೇಳುವುದೇ ನನ್ನ ಹೊಟ್ಟೆಪಾಡು. ಅಣ್ಣನ ಮದುವೆಯಾದ ಹೊಸದರಲ್ಲಿ ಮೂವರೂ ತೋಟಕ್ಕೆ ಬಂದಿದ್ದಾಗ ನಾನು "ಅಲ್ಲಿದೆ, ಅಲ್ಲಿದೆ" ಎಂದು ಅರಚಿದೆ. ಅತ್ತಿಗೆ ಮುಖ ಊದಿಸಿಕೊಂಡರು. "ನೀನು ತೋರಿಸಿದ್ದನ್ನ ನಾನು ನೋಡಿದೆ ಅಷ್ಟೆ. ನನಗೆ ಅದು ಸಿಗಲಿಲ್ಲ" ಅಂದರು. ಅಂದಿನಿಂದ ಹೂವು ಕಂಡವರು ಬಾಯಿ ಬಿಡುವ ಹಾಗಿಲ್ಲ. ನಡಿಗೆ ನಿಧಾನ ಮಾಡುವ ಹಾಗಿಲ್ಲ, ಮುಖದಲ್ಲೂ ತೋರಿಸಿಕೊಳ್ಳುವ ಹಾಗಿಲ್ಲ. ದಾರಿಯ ಕೊನೆಯಲ್ಲಿರುವ ಕಲ್ಲುಬೆಂಚಿನ ಮೇಲೆ ಕೂತ ಮೇಲೆಯೇ ಹೇಳಬೇಕು. ಸಿಗದವರು ವಾಪಸ್ ಹೋಗಿ ಹುಡುಕಬೇಕು, ಉಳಿದವರು ಕಾಯಬೇಕು. ನನ್ನಂಥ ಬಾಯಿಬಡುಕಿಗೆ ಇದೊಂದು ಜೈಲುವಾಸ, ಆದರೂ ಇಷ್ಟು ವರ್ಷ ಪಾಲಿಸಿಕೊಂಡು ಬಂದಿದ್ದೇನೆ.

ಹೋದ ವರ್ಷ ಅತ್ತಿಗೆ ಇದೇ ದಾರಿಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವತ್ತು ನನ್ನ ವಿದ್ಯಾರ್ಥಿಗಳಿಗೆ ಲೈಸೆನ್ಸ್ ಪರೀಕ್ಷೆ, ನಾನು ಜೊತೆಗಿರಲಿಲ್ಲ, ಅಣ್ಣನೊಬ್ಬನೇ ಇದ್ದ. ಹೂವು ಹುಡುಕುತ್ತಾ ದಾರಿ ಬಿಟ್ಟು ಇಳಿಜಾರಿಗೆ ಕಾಲಿಟ್ಟರಂತೆ, ಒದ್ದೆ ಎಲೆಯ ಮೇಲೆ ಜಾರಿದರಂತೆ. ಆಪರೇಷನ್ ಆಯಿತು, ಹಾಸಿಗೆ ಆಯಿತು, ಗೋಡೆ ಹಿಡಿದು ನಿಲ್ಲುವುದಾಯಿತು. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನಿಗೆ ಮುಸುಕು ಹಾಕಿಟ್ಟಿದ್ದರು. ಚಳಿಗಾಲ ಪೂರ್ತಿ ಅತ್ತಿಗೆ ಬಟ್ಟೆ ಕತ್ತರಿಸುವ ಮೇಜಿನ ಅಂಚು ಹಿಡಿದುಕೊಂಡು ಮೆಷಿನ್ನಿನಿಂದ ಹಿತ್ತಲ ಬಾಗಿಲಿನವರೆಗೆ ನಡೆದರು. ಹಲ್ಲು ಕಚ್ಚಿಕೊಂಡು, ಹಣೆಯ ಮೇಲೆ ಬೆವರು ಸುರಿಸಿಕೊಂಡು. ಇಷ್ಟೊಂದು ಅವಸರ ಯಾಕೆ ಅಂದರೆ "ಹೂವು ಬರೋಷ್ಟರಲ್ಲಿ ನಾನು ಅಲ್ಲಿರಬೇಕು" ಅನ್ನುವುದೊಂದೇ ಉತ್ತರ. ಕೊನೆಗೆ ಡಾಕ್ಟರು ಊರುಗೋಲಿನ ಜೊತೆ ನಡೆಯಬಹುದು ಅಂದರು. ಭಾನುವಾರ ಹೋಗುವುದೆಂದು ತೀರ್ಮಾನವಾಯಿತು. ದಾರಿ ಜಾರುತ್ತದೋ ಏನೋ ನೋಡಿಬರೋಣ ಎಂದು ನಾನು ಶನಿವಾರ ಒಬ್ಬಳೇ ಬಂದಿದ್ದೆ. ಬಂದರೆ ಈ ಬಾವುಟಗಳು. ಒಂದು ವರ್ಷ ನೋವು ತಿಂದು ಹುಡುಕಲು ಬರುವವರ ಮುಂದೆ, ಹುಡುಕುವುದಕ್ಕೆ ಏನನ್ನೂ ಉಳಿಸದೆ ಎಲ್ಲವನ್ನೂ ಬಡಿಸಿಟ್ಟಿದ್ದರು.

ನೇರ ತೋಟದ ಆಫೀಸಿಗೆ ನುಗ್ಗಿದೆ. ಸಣ್ಣ ಕೋಣೆ. ಬಾಗಿಲ ಬಳಿ ಕೆಸರು ಬೂಟುಗಳ ಸಾಲು, ಮೂಲೆಯಲ್ಲಿ ಸಲಿಕೆಗಳು, ಗೋಡೆಯ ಮೇಲೆ ತೋಟದ ನಕ್ಷೆ. ಮ್ಯಾನೇಜರ್ ಮಫ್ಲರ್ ಸುತ್ತಿಕೊಂಡು ಬೀಜದ ಪೊಟ್ಟಣಗಳನ್ನು ಜೋಡಿಸುತ್ತಿದ್ದ.

"ಈ ಬಾವುಟ ನೆಡೋ ಐಡಿಯಾ ಯಾರದು?"

"ಕೂತ್ಕೊಳ್ಳಿ ಮೇಡಂ."

"ಕೂತ್ರೆ ನನ್ನ ಸಿಟ್ಟು ಇಳಿಯುತ್ತೆ. ನಿಂತೇ ಮಾತಾಡ್ತೀನಿ."

ಅವನು ಬೆಣ್ಣೆಯಂಥ ಮನುಷ್ಯ. ಅಂಥವರನ್ನು ಕಂಡರೆ ನನಗೆ ಇನ್ನಷ್ಟು ಉರಿಯುತ್ತದೆ. "ಬಂದವರೆಲ್ಲ ಒಂದೇ ದೂರು ಹೇಳ್ತಾರೆ ಮೇಡಂ. ಇಷ್ಟೊತ್ತು ಸುತ್ತಿದ್ವಿ, ಒಂದು ಹೂವೂ ಕಾಣಲಿಲ್ಲ ಅಂತಾರೆ. ಹೂವು ಇರುತ್ತೆ, ಇವರು ದಾಟ್ಕೊಂಡು ಹೋಗಿರ್ತಾರೆ. ಈಗ ನೋಡಿ, ಎಲ್ಲರೂ ಖುಷಿಯಾಗಿ ಫೋಟೋ ತಗೊಂಡು ಹೋಗ್ತಿದ್ದಾರೆ."

"ಹುಡುಕೋದಕ್ಕೇ ಅಂತ ಬರೋರು ಏನು ಮಾಡ್ಬೇಕು?"

ಅವನು ಸ್ವಲ್ಪ ಯೋಚಿಸಿದ. "ಬಾವುಟ ಹುಡುಕಬಹುದಲ್ಲ" ಅಂದ. ತಮಾಷೆಗೆ ಅಂದದ್ದಲ್ಲ, ನಿಜವಾಗಿಯೂ ನನಗೆ ಸಹಾಯ ಮಾಡಲು ನೋಡಿದ. ನಾನು ಸಲಿಕೆಗಳ ಕಡೆಗೆ ನೋಡದೆ ಇರಲು ಕಷ್ಟಪಟ್ಟೆ.

"ಐಡಿಯಾ ನಮ್ಮದಲ್ಲ ಮೇಡಂ. ಒಬ್ಬರು ಹಿರಿಯರು ಬಂದು ಕೇಳ್ಕೊಂಡ್ರು. ಬಾವುಟ ಎಲ್ಲ ಅವರೇ ಮಾಡ್ಕೊಂಡು ತಂದಿದ್ರು. ಪಾಪ, ನಾಲ್ಕೈದು ಸಲ ಬಂದು ಅವರೇ ಬಗ್ಗಿ ಬಗ್ಗಿ ಹುಡುಕಿ ನೆಟ್ಟರು. ನಮಗೂ ಒಳ್ಳೇದು ಅನ್ನಿಸ್ತು. ಮುಂದಿನ ವಾರ ಉಳಿದ ದಾರಿಗಳಿಗೂ ಹಾಕಿಸ್ತೀವಿ." ಮೇಜಿನ ಖಾನೆಯಿಂದ ಮಿಕ್ಕಿದ ಒಂದು ಬಾವುಟ ತೆಗೆದು ಕೊಟ್ಟ. ಕೆಂಪು ಬಟ್ಟೆಯ ಚೂರನ್ನು ಕಡ್ಡಿಗೆ ಸ್ಟೇಪ್ಲರ್ ಪಿನ್ನಿನಿಂದ ಹೊಡೆದಿದ್ದರು. ಕಡ್ಡಿಗೆ ಒಂದು ಬಿಳಿ ಚೀಟಿ ಅಂಟಿಸಿದ್ದರು: 'ಎಡಗಡೆ ನೋಡುವುದು. ಬಗ್ಗಬಾರದು.'

ಆ ಅಕ್ಷರ ನನಗೆ ಗೊತ್ತು. ಬೀದಿಯ ಅರ್ಧ ಜನಕ್ಕೆ ಗೊತ್ತು. 'ಊಟದ ನಂತರ', 'ಚೆನ್ನಾಗಿ ಕುಲುಕಿ' ಎಂದು ಔಷಧಿ ಬಾಟಲಿಗಳ ಮೇಲೆ ಬರೆದು ಬರೆದು ಬಂದ ಅಕ್ಷರ ಅದು. ನನ್ನ ಒಡಹುಟ್ಟಿದ ಅಣ್ಣನದು.

ಅಣ್ಣನ ಔಷಧಿ ಅಂಗಡಿ ಕಾಡುತೋಟದಿಂದ ಎರಡು ಬೀದಿ ಆಚೆಗಿದೆ. ಅವನಿಗೆ ಚೀಟಿ ಅಂಟಿಸುವುದು ಒಂದು ರೋಗ. ಮನೆಯಲ್ಲಿ ಸಕ್ಕರೆ ಡಬ್ಬಿಗೂ ಚೀಟಿ, ಉಪ್ಪಿನ ಡಬ್ಬಿಗೂ ಚೀಟಿ. ಅತ್ತಿಗೆ ಬಿದ್ದ ಮೇಲಂತೂ ಮನೆ ತುಂಬಾ ಕಾಗದವೇ ಹಾರಾಡುತ್ತಿದೆ. ಬಚ್ಚಲಿನ ಬಾಗಿಲ ಮೇಲೆ 'ನಿಧಾನ', ಹೊಸ್ತಿಲ ಮೇಲೆ 'ಕಾಲು ಎತ್ತಿ'. ಇಷ್ಟು ದಿನ ನಕ್ಕು ಸುಮ್ಮನಿದ್ದೆ. ಈಗ ಹೂವಿನ ಕುತ್ತಿಗೆಗೂ ಕೈ ಹಾಕಿದ್ದ. ಅಂಗಡಿಯಲ್ಲಿ ಕೆಮ್ಮಿನ ಔಷಧಿ ಕೇಳುತ್ತಾ ಒಬ್ಬಾಕೆ ನಿಂತಿದ್ದರು. ಅವರು ಮೆಟ್ಟಿಲಿಳಿಯುವವರೆಗೆ ಕಾಯುವುದರಲ್ಲಿ ನನಗೆ ಸಾಕುಸಾಕಾಯಿತು.

ಬಾವುಟವನ್ನು ಗಾಜಿನ ಕೌಂಟರಿನ ಮೇಲೆ ಇಟ್ಟೆ. "ಇದೇನು?"

"ಮೆತ್ತಗೆ ಮಾತಾಡು ಪಟಾಕಿ." ಚಿಕ್ಕಂದಿನಿಂದ ಅವನು ನನ್ನನ್ನು ಕರೆಯುವುದೇ ಹಾಗೆ. "ಅವಳಿಗೆ ಹೇಳ್ಬೇಡ. ತೋಟದವರೇ ಹಾಕಿದ್ದು ಅಂದ್ಕೊಳ್ಳಲಿ."

"ಮೆತ್ತಗೆ ಯಾಕೆ ಮಾತಾಡ್ಲಿ? ಅತ್ತಿಗೆ ಒಂದು ವರ್ಷ ಕಾದಿದ್ದು ಹೂವು ಹುಡುಕೋಕೆ. ನೋಡಿದ್ರೆ ಸಾಕು ಅಂತಿದ್ರೆ ಒಂದು ಫೋಟೋ ತಂದು ಹಾಸಿಗೆ ಮೇಲೆ ಇಡಬಹುದಿತ್ತು."

"ಅವಳು ಎದ್ದು ನಿಂತಿದ್ದೇ ಹೆಚ್ಚು. ಇನ್ನೊಂದು ಸಲ ಬಿದ್ರೆ ಏನಾಗುತ್ತೆ ಅಂತ ಡಾಕ್ಟ್ರು ನನ್ನ ಹತ್ರ ಹೇಳಿದಾರೆ, ನಿನ್ನ ಹತ್ರ ಅಲ್ಲ. ಬಾವುಟ ನೋಡ್ತಾ ದಾರಿ ಮೇಲೇ ನಡೀತಾಳೆ. ಅತ್ತ ಇತ್ತ ಹೋಗಲ್ಲ, ಬಗ್ಗಲ್ಲ."

"ಒಂದು ವರ್ಷದ ಆಸೆಗೆ ಮಣ್ಣು ಹಾಕಿ ಅದಕ್ಕೆ ಕಾಳಜಿ ಅಂತ ಬೇರೆ ಚೀಟಿ ಅಂಟಿಸ್ತೀಯಾ?"

ಮಾತ್ರೆಯ ಪಟ್ಟಿಗಳನ್ನು ಡಬ್ಬಿಗೆ ತುಂಬುತ್ತಿದ್ದವನು ನಿಲ್ಲಿಸಿದ. ಆಮೇಲೆ, ಅಂಗಡಿಯಲ್ಲಿ ಯಾರೂ ಇಲ್ಲದಿದ್ದರೂ, ತೀರಾ ಸಣ್ಣ ದನಿಯಲ್ಲಿ ಹೇಳಿದ: "ನಾನು ಅವತ್ತು ಅದನ್ನ ನೋಡಿದ್ದೆ."

"ಏನನ್ನ?"

"ಹೂವನ್ನ. ಅವಳು ಬೀಳೋಕೆ ಮುಂಚೆ."

ನಮ್ಮ ಅಣ್ಣನಿಗೆ ಯಾವತ್ತೂ ಹೂವು ಮೊದಲು ಕಂಡದ್ದಿಲ್ಲ. ಅವನು ಮರದ ತುದಿ ನೋಡುತ್ತಾ ನಡೆಯುವ ಪೈಕಿ. ಪ್ರತಿವರ್ಷ ಬೆಂಚಿನಿಂದ ಎದ್ದು ವಾಪಸ್ ಹೋಗಿ ಹುಡುಕುವ ಶಿಕ್ಷೆ ಅವನ ಪಾಲಿಗೇ. ನಾನೂ ಅತ್ತಿಗೆಯೂ ಅವನನ್ನು ಗೋಳು ಹೊಯ್ದುಕೊಳ್ಳುತ್ತಾ ಕೂತಿರುತ್ತಿದ್ದೆವು.

"ಜನ್ಮದಲ್ಲಿ ಮೊದಲನೇ ಸಲ ನನಗೆ ಮೊದಲು ಕಂಡಿತ್ತು" ಅಂದ. "ದಾರಿ ಪಕ್ಕದಲ್ಲೇ, ಬೇರಿನ ಸಂದಿಯಲ್ಲಿ. ಅವಳು ದಾಟಿಕೊಂಡು ಮುಂದೆ ಹೋದಳು. ನಾನು ಬಾಯಿಗೆ ಬೀಗ ಹಾಕ್ಕೊಂಡು ಹಿಂದೆ ನಡೆದೆ. ಬೆಂಚಿನ ಹತ್ರ ಹೋಗಿ ಹೇಳಬೇಕು, ಅವಳ ಮುಖ ನೋಡಬೇಕು ಅಂತ ಒಳಗೊಳಗೇ ಕುಣೀತಿದ್ದೆ. ಅವಳು ಇಲ್ಲೆಲ್ಲೂ ಇಲ್ಲ ಅಂದ್ಕೊಂಡು ಇಳಿಜಾರಿಗೆ ಕಾಲಿಟ್ಟಳು. ಒಂದೇ ಒಂದು ಮಾತು ಆಡಿದ್ರೆ ಸಾಕಿತ್ತು."

"ಅತ್ತಿಗೆಗೆ ಇದನ್ನ ಹೇಳಿದೀಯಾ?"

"ಹೇಗೆ ಹೇಳ್ಲಿ? ಬೆಂಚಿನ ತನಕ ನಾವು ಹೋಗಲೇ ಇಲ್ಲವಲ್ಲ."

ಪಾಪ ಅನ್ನಿಸಿದ ಮಾತ್ರಕ್ಕೆ ಸಿಟ್ಟು ಇಳಿಯಬೇಕೆಂದೇನಿಲ್ಲ. ಅವನ ಎದೆಯ ಭಾರ ಇಳಿಸಿಕೊಳ್ಳಲು ಅತ್ತಿಗೆಯ ದಾರಿ ತುಂಬಾ ಗೂಟ ಹೊಡೆಯುವುದು ಎಲ್ಲಿಯ ನ್ಯಾಯ? ಅವನಿಗೆ ಏನೂ ಹೇಳದೆ ಹೊರಟೆ. ಮತ್ತೆ ತೋಟಕ್ಕೆ ಹೋಗಿ ನಡುವಿನ ದಾರಿಯ ಬಾವುಟಗಳನ್ನು ಒಂದೊಂದಾಗಿ ಕಿತ್ತು ಕೈಚೀಲಕ್ಕೆ ತುಂಬಿದೆ. ತೂತುಗಳಿಗೆ ಮಣ್ಣು ಮುಚ್ಚಿದೆ. ಹೂವುಗಳ ಮೇಲೆ ಎಲೆ ಎಳೆದೆ. ಹೂವು ತೋರಿಸಲು ಬಗ್ಗಿದವನು ಅಣ್ಣ, ಬಚ್ಚಿಡಲು ಬಗ್ಗಿದವಳು ನಾನು. ತೋಟ ಮುಚ್ಚುವ ಗಂಟೆ ಹೊಡೆದಾಗ ಕೈಯೆಲ್ಲ ಕೆಸರು, ಬೆನ್ನು ಹಿಡಿದುಕೊಂಡಿತ್ತು. ಬಹಳ ದೊಡ್ಡ ಕೆಲಸ ಮಾಡಿದವಳ ಹಾಗೆ ಮನೆಗೆ ಹೋಗಿ ಚೀಲವನ್ನು ಹಾಗೆಯೇ ಮೊಳೆಗೆ ನೇತುಹಾಕಿದೆ.

ಭಾನುವಾರ ಮೂವರೂ ಹೊರಟೆವು. ಅತ್ತಿಗೆ ತಾವೇ ಹೊಲಿದ ಬೂದು ಕೋಟು ಹಾಕಿದ್ದರು. ಕೂದಲನ್ನು ಬಿಗಿಯಾಗಿ ಕಟ್ಟಿದ್ದರು, ಪರೀಕ್ಷೆಗೆ ಹೊರಟವರ ಹಾಗೆ. ಅಣ್ಣನ ಒಂದು ಹೆಗಲಲ್ಲಿ ನೀರು, ಇನ್ನೊಂದರಲ್ಲಿ ಮಡಚುವ ಸ್ಟೂಲು, ಜೇಬಿನಲ್ಲಿ ನೋವಿನ ಮುಲಾಮು. ನಾನು ಅವಸರದಲ್ಲಿ ಮೊಳೆಯ ಮೇಲಿದ್ದ ಅದೇ ಚೀಲವನ್ನು ಎತ್ತಿಕೊಂಡು ಬಂದಿದ್ದು ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಯಿತು. ಗೇಟಿನಲ್ಲಿ ಮ್ಯಾನೇಜರ್ ನನ್ನ ಮುಖ ಕಂಡವನೇ ಏನೋ ಕೆಲಸ ನೆನಪಾದವನ ಹಾಗೆ ಒಳಗೆ ಸರಿದುಕೊಂಡ.

ಅತ್ತಿಗೆ ಮುಂದೆ, ನಾವಿಬ್ಬರು ಹಿಂದೆ. ಊರುಗೋಲು ಒಂದು ಹೆಜ್ಜೆ, ಅವರು ಒಂದು ಹೆಜ್ಜೆ. ಕಣ್ಣು ಮಾತ್ರ ಸೂಜಿಗೆ ದಾರ ಪೋಣಿಸುವಾಗಿನ ಹಾಗೆ ನೆಟ್ಟಿತ್ತು. ಅಣ್ಣ ಅತ್ತಿತ್ತ ನೋಡಿ ಬಾವುಟ ಕಾಣದೆ ಕಂಗಾಲಾಗಿ ನನ್ನನ್ನು ತಿವಿದ. ನಾನು ಆಕಾಶ ನೋಡಿದೆ. ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು, ನಾನು ಒಂದನ್ನು ಕೀಳದೆ ಬಿಟ್ಟಿರದಿದ್ದರೆ.

ಅದು ತಿರುವಿನ ಆಚೆ, ಪೊದೆಯ ಮರೆಯಲ್ಲಿತ್ತು. ಅತ್ತಿಗೆ ನಿಂತರು. ಊರುಗೋಲಿನ ತುದಿಯಿಂದ ಬಾವುಟವನ್ನು ಮೀಟಿ ಕೈಗೆ ತೆಗೆದುಕೊಂಡರು. ಚೀಟಿ ಓದಿದರು. ಬಟ್ಟೆಯನ್ನು ತಿರುಗಿಸಿ ಪಿನ್ ನೋಡಿದರು.

"ಇದು ಬ್ಯಾಂಡಿನ ಹುಡುಗರಿಗೆ ನಾನು ಹೊಲಿದ ಕೋಟಿನ ಬಟ್ಟೆ" ಅಂದರು. "ಬಟ್ಟೆ ಚೂರಿನ ಚೀಲ ಎಲ್ಲಿ ಅಂತ ಮೊನ್ನೆ ಕೇಳಿದ್ದಕ್ಕೆ ಇಲಿ ಎಳ್ಕೊಂಡು ಹೋಗಿರ್ಬೇಕು ಅಂದ್ರಿ. ಬಟ್ಟೆಗೆ ಪಿನ್ ಹೊಡೆಯೋ ಇಲಿ ನಮ್ಮನೇಲಿ ಒಂದೇ ಇರೋದು."

"ನಿನಗೆ ಕಷ್ಟ ಆಗಬಾರದು ಅಂತ..." ಅಣ್ಣ ತೊದಲಿದ.

"ಇದೊಂದೇನಾ?"

ಅಣ್ಣ ನನ್ನ ಕಡೆ ನೋಡಿದ. ಅತ್ತಿಗೆಯೂ ನೋಡಿದರು. ನನ್ನ ಚೀಲದ ಬಾಯಿಂದ ಕಡ್ಡಿಗಳು ಇಣುಕುತ್ತಿದ್ದವು. ಅತ್ತಿಗೆ ಬಂದು ಚೀಲ ಬಿಡಿಸಿ ನೋಡಿ ಮತ್ತೆ ಮುಚ್ಚಿದರು.

"ಒಬ್ಬರು ನೆಡ್ತೀರಿ, ಒಬ್ಬರು ಕೀಳ್ತೀರಿ. ನಾನೇನು ನಿಮ್ಮಿಬ್ಬರ ಕೈಗೊಂಬೆನಾ? ಏನು ಬೇಕು ಅಂತ ನನ್ನನ್ನ ಒಂದು ಮಾತು ಕೇಳಿದ್ರಾ?"

ನಾನು ಅತ್ತಿಗೆಯ ಪರ ಅಂತ ಎದೆಯುಬ್ಬಿಸಿಕೊಂಡು ನಿಂತಿದ್ದವಳು. ಅವರ ಮಾತು ಕಪಾಳಕ್ಕೆ ಹೊಡೆದ ಹಾಗಾಯಿತು. ಅಣ್ಣನಂತೂ ಬೆಳ್ಳಗಾಗಿದ್ದ. ಅವನನ್ನು ನೋಡಲಾರದೆ ನನ್ನ ಬಾಯಿ ಜಾರಿತು. "ಅಣ್ಣನಿಗೆ ಅವತ್ತು ಹೂವು ಕಂಡಿತ್ತು ಅತ್ತಿಗೆ. ನಿಯಮ ಅಂತ ಸುಮ್ಮನಿದ್ದ. ನೀವು ಬಿದ್ದಿದ್ದು ತನ್ನಿಂದ ಅಂತ ಕೊರಗ್ತಿದ್ದಾನೆ."

ಅತ್ತಿಗೆ ಅಣ್ಣನ ಕಡೆ ತಿರುಗಿದರು. "ಹೂವು ಇತ್ತಾ?"

ಅಣ್ಣ ಹೌದೆಂದು ತಲೆಯಾಡಿಸಿದ.

"ಹೋದ ವರ್ಷ ಹೂವೇ ಬಂದಿರಲಿಲ್ಲ ಅಂದ್ಕೊಂಡಿದ್ದೆ ನಾನು" ಅನ್ನುವಾಗ ಅತ್ತಿಗೆಯ ದನಿ ನಡುಗಿತು. ಅಳುವಿನಿಂದಲ್ಲ; ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಹಿಂದೆ ನೋಡಿರಲಿಲ್ಲ. "ಇಲ್ಲದ ಹೂವಿಗೆ ಹಠ ಹಿಡಿದು ಸೊಂಟ ಮುರ್ಕೊಂಡ ದಡ್ಡಿ ಅಂತ ಮಲಗಿದಲ್ಲೇ ದಿನಾ ನನ್ನನ್ನ ನಾನೇ ಬೈಕೊಂಡೆ. ನೀವು ಪಕ್ಕದಲ್ಲೇ ಕೂತು ಮಾತ್ರೆ ಕೊಡ್ತಿದ್ರಿ, ಗಂಜಿ ಕುಡಿಸ್ತಿದ್ರಿ. ನಾನು ಬೈಕೊಳ್ಳೋದು ಕೇಳಿಸ್ತಿತ್ತು ತಾನೆ ನಿಮಗೆ?"

"ನಾನು ಹೇಳಿದ್ದಿದ್ರೆ ನೀನು ಬೀಳ್ತಿರಲಿಲ್ಲ. ಅದನ್ನ ಯಾವ ಮುಖ ಇಟ್ಕೊಂಡು..."

"ಬಿದ್ದಿದ್ದು ನಾನು. ಜಾರಿದ್ದು ನನ್ನ ಕಾಲು. ಅದನ್ನೂ ನಿಮ್ಮ ಲೆಕ್ಕಕ್ಕೆ ಹಾಕ್ಕೊಳ್ಳಬೇಡಿ. ದಾರಿಯಲ್ಲಿ ಬಾಯಿ ಮುಚ್ಕೊಂಡಿದ್ದು ಸರಿಯಾಗೇ ಇತ್ತು. ಆಸ್ಪತ್ರೆಯಲ್ಲಿ ಮುಚ್ಕೊಂಡ್ರಲ್ಲ, ಅದು ತಪ್ಪು. 'ಹೂವು ಇತ್ತು ಕಣೇ, ನೀನು ಹುಡುಕಿದ್ದು ದಂಡ ಅಲ್ಲ' ಅಂತ ಒಂದು ಮಾತು ಹೇಳಿದ್ರೆ ನಾನು ಇನ್ನೂ ಬೇಗ ಎದ್ದು ನಡೀತಿದ್ದೆ."

ಅತ್ತಿಗೆ ಬಾವುಟವನ್ನು ನನ್ನ ಚೀಲಕ್ಕೆ ತುರುಕಿದರು. "ಇಬ್ಬರೂ ಹೋಗಿ ಬೆಂಚಿನ ಮೇಲೆ ಕೂತ್ಕೊಳ್ಳಿ. ಹಿಂದೆ ತಿರುಗಿ ನೋಡಬೇಡಿ. ನಾನು ಬರ್ತೀನಿ."

"ಸ್ಟೂಲಾದ್ರೂ ಇಟ್ಕೋ" ಅಂದ ಅಣ್ಣ.

"ಹೋಗಿ ಅಂದೆ."

ಹೋದೆವು. ಕಲ್ಲುಬೆಂಚು ಮಂಜಿಗೆ ತಣ್ಣಗೆ ಕೊರೆಯುತ್ತಿತ್ತು. ತಿರುವಿನ ಆಚೆಯಿಂದ ಊರುಗೋಲಿನ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ನಿಂತಿತು. ಅಣ್ಣ ಧಡಕ್ಕನೆ ಎದ್ದ. ನಾನು ಅವನ ಕೋಟಿನ ತುದಿ ಹಿಡಿದು ಕೂರಿಸಿದೆ, ಆದರೆ ನನ್ನ ಬಲಗಾಲೂ ಕಲಿಯುವವರ ಕಾರಿನಲ್ಲಿ ಕೂತಾಗಿನ ಹಾಗೆ ನೆಲವನ್ನು ಬ್ರೇಕಿನಂತೆ ಒತ್ತುತ್ತಿತ್ತು. ಸದ್ದೇ ಇಲ್ಲ. ಮೇಲೆಲ್ಲೋ ಒಂದು ಹಕ್ಕಿ ಕೂಗಿತು. ಮರದ ತುದಿ ನೋಡುವ ಅಣ್ಣ ಅದರ ಕಡೆ ಕತ್ತೆತ್ತಲೂ ಇಲ್ಲ. "ಬಿದ್ದಿದ್ರೆ ಕೂಗ್ತಿದ್ದಳು ಅಲ್ವಾ?" ಎಂದು ಕೇಳಿದ. ಹೌದು ಅಂದೆ. ಮತ್ತೆ ಕೇಳಿದ. ಮತ್ತೆ ಹೌದು ಅಂದೆ. ಅವರು ಕೂಗುವ ಪೈಕಿ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಕೊನೆಗೂ ಊರುಗೋಲಿನ ಸದ್ದು ಮತ್ತೆ ಶುರುವಾಯಿತು. ಅತ್ತಿಗೆ ತಿರುವಿನಲ್ಲಿ ಕಾಣಿಸಿಕೊಂಡರು. ಕೋಟಿನ ಅಂಚು ಒದ್ದೆಯಾಗಿತ್ತು. ಎರಡೂ ಮಂಡಿಯ ಮೇಲೆ ಕೆಸರು ಮೆತ್ತಿತ್ತು.

"ಮಂಡಿಯೂರಿದ್ಯಾ? ಹೇಗೆ ಎದ್ದೆ?" ಅಣ್ಣ ಗಾಬರಿಯಿಂದ ಕೇಳಿದ.

"ಹೇಗೆ ಏಳ್ತಾರೋ ಹಾಗೆ." ಅತ್ತಿಗೆ ನಮ್ಮಿಬ್ಬರ ನಡುವೆ ಕೂತು ಊರುಗೋಲನ್ನು ಬೆಂಚಿಗೆ ಒರಗಿಸಿದರು. ಉಸಿರು ಜೋರಾಗಿತ್ತು.

"ಸಿಕ್ತಾ?" ಅಣ್ಣನೇ ಮತ್ತೆ ಕೇಳಿದ.

"ನೀವು ಒಂದು ವರ್ಷ ಹೇಳಲಿಲ್ಲ. ನಾನೂ ಒಂದು ವರ್ಷ ಹೇಳಲ್ಲ" ಅಂದರು ಅತ್ತಿಗೆ. "ಮುಂದಿನ ವರ್ಷ ಇದೇ ಬೆಂಚಿನ ಮೇಲೆ ಕೂತಾಗ ಹೇಳ್ತೀನಿ. ಅಲ್ಲಿ ತನಕ ತಡ್ಕೊಳ್ಳೋಕೆ ಆಗದಿದ್ರೆ ಹೋಗಿ ಹುಡುಕಿ. ಬಗ್ಗಿ ಹುಡುಕಿ."

ಅಣ್ಣ ನೀರು, ಸ್ಟೂಲು ಎಲ್ಲ ಕೆಳಗಿಟ್ಟು ಎದ್ದುಹೋದ. ನಾನೂ ಏಳಲು ಹೋದೆ. ಅತ್ತಿಗೆ ನನ್ನ ತೋಳು ಹಿಡಿದು ಕೂರಿಸಿದರು. "ನೀನು ಸುಮ್ಮನಿರು. ನಿನ್ನ ಮೇಲಿನ ಸಿಟ್ಟೂ ಇನ್ನೂ ಇಳಿದಿಲ್ಲ" ಅಂದರು. ನಾನು ಬಾಯಿ ಮುಚ್ಚಿಕೊಂಡು ಕೂತೆ. ತಿರುವಿನ ಹತ್ತಿರ ಅಣ್ಣ ಮಂಡಿಯೂರಿದ್ದ. ಒಂದೊಂದೇ ಎಲೆ ಎತ್ತಿ ಅಡಿಯಲ್ಲಿ ನೋಡಿ, ಮತ್ತೆ ಅದೇ ಜಾಗದಲ್ಲಿ ಇಡುತ್ತಿದ್ದ.